ಮೊದಲ ಮಳೆಯ ವಾಸನೆಗೆ ಮನಸ್ಸು ಯಾಕೆ ಅರಳುತ್ತದೆ?

ಮೇ ತಿಂಗಳಲ್ಲಿ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಸೀಮೆಯ ನೆಲ ಮುಟ್ಟಿದರೆ ಕೈ ಸುಡುತ್ತದೆ. ಎರೆ ಹೊಲಗಳು ಬಿರುಕು ಬಿಟ್ಟು ನಿಂತಿರುತ್ತವೆ. ಜೂನ್ ಮೊದಲ ವಾರ ಕಳೆದು ಮಿರಗ (ಮೃಗಶಿರಾ ಮಳೆ) ಶುರುವಾಯಿತೆಂದರೆ ತೊಗರಿ ಬಿತ್ತುವವರೆಲ್ಲರ ಕಣ್ಣು ಮುಗಿಲ ಮೇಲೆ. ಪಕ್ಕದೂರಿನಲ್ಲಿ ನಾಲ್ಕು ಹನಿ ಬಿದ್ದರೂ ಸಾಕು, ಗಾಳಿಯ ಜೊತೆ ಆ ಮಣ್ಣಿನ ವಾಸನೆ ಬರುತ್ತದೆ. ಮಳೆ ನಮ್ಮೂರನ್ನು ಇನ್ನೂ ಮುಟ್ಟಿರುವುದಿಲ್ಲ, ಜೀವ ಮಾತ್ರ ಆಗಲೇ ಹಗುರಾಗಿರುತ್ತದೆ.

ಈ ವಾಸನೆಯ ಮೂಲವನ್ನು ಆಸ್ಟ್ರೇಲಿಯಾದ ವಿಜ್ಞಾನಿಗಳಾದ ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ ಕಲ್ಲಿನಲ್ಲಿ ಹುಡುಕಿದರು. ಒಣಗಿದ ಕಲ್ಲು, ಜೇಡಿಮಣ್ಣುಗಳನ್ನು ಹಬೆಯಲ್ಲಿ ಬಟ್ಟಿ ಇಳಿಸಿದಾಗ ಹಳದಿ ಎಣ್ಣೆಯೊಂದು ಸಿಕ್ಕಿತು. ಬೇಸಿಗೆಯುದ್ದಕ್ಕೂ ಗಿಡಮರಗಳು ಗಾಳಿಗೆ ಬಿಟ್ಟ ಸೂಕ್ಷ್ಮ ಎಣ್ಣೆಗಳನ್ನು ಕಲ್ಲು, ಮಣ್ಣು ಹೀರಿಕೊಂಡಿರುತ್ತವೆ. ತೇವ ತಗಲಿದಾಗ ಅವು ಹೊರಬರುತ್ತವೆ. 1964ರಲ್ಲಿ ಈ ವಾಸನೆಗೆ ಅವರು ‘ಪೆಟ್ರಿಕೋರ್’ ಎಂದು ಹೆಸರಿಟ್ಟರು. ಉತ್ತರ ಪ್ರದೇಶದ ಕನೌಜಿನ ಅತ್ತರಿನವರಿಗೆ ಈ ಗುಟ್ಟು ಮೊದಲೇ ಗೊತ್ತಿತ್ತು. ಅವರು ಸುಟ್ಟ ಮಣ್ಣಿನ ವಾಸನೆಯನ್ನು ಗಂಧದೆಣ್ಣೆಗೆ ಇಳಿಸಿ ‘ಮಿಟ್ಟಿ ಅತ್ತರ್’ ಮಾಡುತ್ತಿದ್ದರು, ಇಂದಿಗೂ ಮಾಡುತ್ತಾರೆ.

ಎಣ್ಣೆಯ ಜೊತೆಗೆ ಇನ್ನೊಂದು ವಸ್ತು ಸೇರುತ್ತದೆ: ಜಿಯೋಸ್ಮಿನ್. ಮಣ್ಣಿನಲ್ಲಿರುವ ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾಗಳು ಇದನ್ನು ತಯಾರಿಸುತ್ತವೆ. ಬೀಟ್‌ರೂಟಿನ ಮಣ್ಣುವಾಸನೆಯೂ, ಕೆರೆ ಮೀನಿನ ಕೆಸರುವಾಸನೆಯೂ ಇದರದೇ. ಹುಳಿ ತಗಲಿದರೆ ಜಿಯೋಸ್ಮಿನ್ ಒಡೆಯುತ್ತದೆ, ಹಾಗಾಗಿ ಮೀನಿಗೆ ಹುಣಸೆಹಣ್ಣು ಹಾಕುವ ನಮ್ಮ ಅಡುಗೆಮನೆಯ ರೂಢಿ ರಸಾಯನಶಾಸ್ತ್ರದ ಪ್ರಕಾರವೂ ಸರಿ. ಒಂದು ಲಕ್ಷ ಕೋಟಿ ಭಾಗದಲ್ಲಿ ಐದಾರು ಭಾಗ ಇದ್ದರೂ ಮನುಷ್ಯನ ಮೂಗು ಇದನ್ನು ಹಿಡಿಯಬಲ್ಲದು.

ನೆಲದಲ್ಲಿದ್ದದ್ದು ಮೂಗಿಗೆ ಬಂದದ್ದು ಹೇಗೆ? 2015ರಲ್ಲಿ ಅಮೆರಿಕದ ಎಂಐಟಿ ಸಂಶೋಧಕರು ಮಳೆಹನಿ ಬೀಳುವುದನ್ನು ಅತಿವೇಗದ ಕ್ಯಾಮೆರಾದಲ್ಲಿ ಹಿಡಿದರು. ಹನಿ ಮಣ್ಣಿಗೆ ಬಡಿದಾಗ ಅದರಡಿ ಗಾಳಿ ಸಿಕ್ಕಿಕೊಳ್ಳುತ್ತದೆ, ಸೋಡಾದ ಗುಳ್ಳೆಗಳ ಹಾಗೆ ಮೇಲೇರಿ ಒಡೆಯುತ್ತದೆ, ಒಡೆದಾಗ ವಾಸನೆ ಹೊತ್ತ ತುಂತುರು ಗಾಳಿಗೆ ಚಿಮ್ಮುತ್ತದೆ. ಜಡಿಮಳೆಗಿಂತ ಹಗುರ ಮಳೆಯಲ್ಲಿ ಇದು ಹೆಚ್ಚು.

ಇಲ್ಲಿಂದ ಮುಂದಿನದು ಮೆದುಳಿನ ಕೆಲಸ. ಮೂಗಿನ ಮೇಲ್ಛಾವಣಿಯಲ್ಲಿ ವಾಸನೆ ಗ್ರಹಿಸುವ ನರಕೋಶಗಳಿವೆ. ಅವುಗಳ ಮೇಲೆ ವಾಸನೆಯ ಅಣುಗಳನ್ನು ಹಿಡಿಯುವ ಗ್ರಾಹಕಗಳಿರುತ್ತವೆ, ಮನುಷ್ಯನಲ್ಲಿ ಇವು ಸುಮಾರು 400 ಬಗೆಯವು. ಒಂದೊಂದು ವಾಸನೆಯೂ ಇವುಗಳಲ್ಲಿ ಬೇರೆ ಬೇರೆ ಗುಂಪನ್ನು ಎಬ್ಬಿಸುತ್ತದೆ. ಈ ಗ್ರಾಹಕಗಳ ವಂಶವಾಹಿಗಳನ್ನು 1991ರಲ್ಲಿ ಕಂಡುಹಿಡಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರಲ್ಲಿ ನೊಬೆಲ್ ಬಂತು. ಕಣ್ಣು ಕಂಡದ್ದು, ಕಿವಿ ಕೇಳಿದ್ದು ಮೊದಲು ಥಾಲಮಸ್ ಎಂಬ ನಾಕಾ ದಾಟಿ ಹೋಗಬೇಕು. ವಾಸನೆಗೆ ಆ ತಡೆ ಇಲ್ಲ. ಅದು ಭಯ, ಸಂತೋಷಗಳ ಕೇಂದ್ರವಾದ ಅಮಿಗ್ಡಾಲಕ್ಕೆ ನೇರವಾಗಿ ಮುಟ್ಟುತ್ತದೆ, ನೆನಪು ಕಟ್ಟುವ ಹಿಪೊಕ್ಯಾಂಪಸ್‌ಗೂ ಹತ್ತಿರದ ದಾರಿಯಲ್ಲೇ ತಲುಪುತ್ತದೆ. ಹೆಸರು ಹೇಳುವ ಮೊದಲೇ ಎದೆ ತುಂಬಿ ಬರುವುದು ಇದಕ್ಕೇ. ವಾಸನೆ ಎಬ್ಬಿಸುವ ನೆನಪುಗಳಲ್ಲಿ ಹತ್ತು ವರ್ಷದೊಳಗಿನ ಬಾಲ್ಯದವೇ ಹೆಚ್ಚು ಎಂದು ಅಧ್ಯಯನಗಳು ತೋರಿಸಿವೆ.

ಹಾಗೆಂದು ವಾಸನೆಯಲ್ಲೇ ಸುಖ ತುಂಬಿದೆ ಎನ್ನಲಾಗದು. ಚಿಂಚೋಳಿಯ ತೊಗರಿ ಹೊಲದಲ್ಲಿ ಬೆಳೆದವನಿಗೆ ಹಸಿಮಣ್ಣಿನ ವಾಸನೆ ಎಂದರೆ ಬಿತ್ತನೆ, ಕೂರಿಗೆ, ಅಪ್ಪನ ನಗು. ಕಾಗಿಣಾ ನದಿ ಉಕ್ಕಿ ಮನೆಯೊಳಗೆ ಕೆಸರು ತುಂಬಿದ್ದನ್ನು ಬಳಿದವಳಿಗೆ ಅದೇ ಜಿಯೋಸ್ಮಿನ್ ಹೊಟ್ಟೆಯಲ್ಲಿ ಸಂಕಟ ಎಬ್ಬಿಸೀತು. ಅಣು ಒಂದೇ, ಬದುಕು ಬೇರೆ. ‘ಈ ಎಣ್ಣೆ ಮೂಸಿದರೆ ಚಿಂತೆ ಮಾಯ’ ಎಂದು ಮಾರುವವರ ಮಾತನ್ನು ನಾನು ನಂಬದಿರುವುದು ಈ ಕಾರಣಕ್ಕೆ. ಹಿತವಾದ ವಾಸನೆ ಸ್ವಲ್ಪ ಹೊತ್ತು ಮನಸ್ಸನ್ನು ತಿಳಿಯಾಗಿಸಬಹುದು, ಖಿನ್ನತೆಗೆ ಅದು ಮದ್ದಲ್ಲ.

ವಾಸನೆ ಕಳೆದುಕೊಂಡಾಗಲೇ ಅದರ ಬೆಲೆ ತಿಳಿಯುವುದು. ಕೋವಿಡ್ ಬಂದಾಗ ಎಷ್ಟೋ ಜನ ಒಗ್ಗರಣೆ ಸೀದರೂ ತಿಳಿಯದೆ ಕಂಗಾಲಾದರು. ಪಾರ್ಕಿನ್ಸನ್ ಕಾಯಿಲೆಯಲ್ಲಿ ಕೈನಡುಕಕ್ಕೆ ವರ್ಷಗಟ್ಟಲೆ ಮೊದಲೇ ವಾಸನೆ ಕುಂದಬಹುದು, ಅಲ್ಝೈಮರ್ಸ್‌ನಲ್ಲೂ ಇದು ಮೊದಮೊದಲ ಸೂಚನೆಗಳಲ್ಲಿ ಒಂದು. ನೆಗಡಿಯಂಥ ಸಣ್ಣ ಕಾರಣವೂ ಇರಬಹುದು, ಗಾಬರಿ ಬೇಡ. ಆದರೆ ಮನೆಯ ಹಿರಿಯರು ‘ಮಳೆ ಬಂದರೂ ಮಣ್ಣಿನ ವಾಸನೆ ಬರವಲ್ದು’ ಎಂದರೆ ವಯಸ್ಸಾಯಿತು ಎಂದು ಬಿಟ್ಟುಬಿಡಬೇಡಿ, ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ. ಸೋಂಕಿನಿಂದ ವಾಸನೆ ಹೋಗಿದ್ದರೆ ಲವಂಗ, ನಿಂಬೆ, ಗುಲಾಬಿ, ನೀಲಗಿರಿ ಈ ನಾಲ್ಕನ್ನು ದಿನಕ್ಕೆರಡು ಬಾರಿ ಗಮನವಿಟ್ಟು ಮೂಸುವ ಅಭ್ಯಾಸವನ್ನು ವೈದ್ಯರು ಹೇಳಿಕೊಡುತ್ತಾರೆ. ಕೆಲವು ತಿಂಗಳು ಬಿಡದೆ ಮಾಡಿದ ಹಲವರಲ್ಲಿ ವಾಸನೆ ಮರಳಿದೆ.