ಕಡೆಯ ತರಗತಿಯವರ ಪರದೇಶ ಪ್ರಯಾಣ

ಪರೀಕ್ಷೆಯ ವರ್ಷದಲ್ಲಿ ಮಕ್ಕಳನ್ನು ಊರು ಬಿಟ್ಟು ಹೊರಗೆ ಕಳುಹಿಸಬಹುದೇ ಎಂದು ನಮ್ಮಲ್ಲಿಗೆ ಬರುವ ತಂದೆತಾಯಂದಿರು ಪ್ರತಿ ವರ್ಷವೂ ಕೇಳುವರು. ಎರಡು ದಿನದ ಪ್ರವಾಸದ ಒಪ್ಪಿಗೆ ಪತ್ರಕ್ಕೆ ರುಜು ಹಾಕುವಾಗಲೂ ಅವರ ಕೈ ತಡೆಯುವುದುಂಟು. ಈ ಭಯವನ್ನು ನಾವು ಹಗುರವಾಗಿ ಎಣಿಸುವವರಲ್ಲ. ಆದರೆ ಕಡೆಯ ತರಗತಿಯವರನ್ನೇ ಪರದೇಶದ ಯುವಜನ ಸಮ್ಮೇಲನಕ್ಕೆ ಕಳುಹಿಸುವ ಶಾಲೆಗಳು ಲೋಕದಲ್ಲಿ ಉಂಟು. ಅವುಗಳಿಗೆ ವಾಲ್ಡಾರ್ಫ್ ಶಾಲೆಗಳೆಂದು ಹೆಸರು. ಆ ಶಾಲೆಗಳವರು ಹೀಗೆ ಮಾಡುವುದೇಕೆ, ಅದರಿಂದ ನಾವು ಕಲಿಯತಕ್ಕದ್ದೇನು ಎಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಪಾಲಕರಿಗೂ ತಿಳಿಸುವುದು ಈ ಲೇಖನದ ಉದ್ದೇಶವಾಗಿದೆ.

ಈ ಶಾಲೆಗಳು ಹುಟ್ಟಿದ್ದು ಜರ್ಮನಿಯ ಸ್ಟುಟ್‌ಗಾರ್ಟ್ ಪಟ್ಟಣದ ಒಂದು ಸಿಗರೇಟು ಕಾರ್ಖಾನೆಯಿಂದ. ಮೊದಲನೆಯ ಮಹಾಯುದ್ಧವು ಮುಗಿದು ಜನರು ಬಹಳ ಕಂಗೆಟ್ಟಿದ್ದ ಕಾಲವದು. ವಾಲ್ಡಾರ್ಫ್ ಅಸ್ಟೋರಿಯಾ ಎಂಬ ಆ ಕಾರ್ಖಾನೆಯ ಮುಖ್ಯಸ್ಥರಾದ ಎಮಿಲ್ ಮೋಲ್ಟ್ ಎಂಬವರು ತಮ್ಮ ಕೆಲಸಗಾರರ ಮಕ್ಕಳಿಗೆ ಒಳ್ಳೆಯ ಶಾಲೆಯೊಂದು ಬೇಕೆಂದು ಬಯಸಿ, ತತ್ತ್ವಚಿಂತಕರಾದ ರುಡಾಲ್ಫ್ ಸ್ಟೈನರರ ಸಹಾಯವನ್ನು ಬೇಡಿದರು. 1919ರ ಸೆಪ್ಟೆಂಬರ್ 7ರಂದು 256 ಮಕ್ಕಳೊಡನೆ ಆ ಶಾಲೆಯು ಆರಂಭವಾಯಿತು. ಕಾರ್ಮಿಕರ ಮಕ್ಕಳೂ ಸಿರಿವಂತರ ಮಕ್ಕಳೂ, ಗಂಡುಮಕ್ಕಳೂ ಹೆಣ್ಣುಮಕ್ಕಳೂ ಒಂದೇ ಕೋಣೆಯಲ್ಲಿ ಕುಳಿತು ಕಲಿಯುವುದು ಆ ದೇಶಕ್ಕೆ ಆಗ ಹೊಸ ಸಂಗತಿಯಾಗಿತ್ತು. 1938ರಲ್ಲಿ ನಾಜಿ ಸರಕಾರವು ಅದನ್ನು ಮುಚ್ಚಿಸಿತು. ಯುದ್ಧವು ಮುಗಿದ 1945ರಲ್ಲಿ ಅದು ಪುನಃ ತೆರೆಯಿತು. ಇಂದು ಆ ಪದ್ಧತಿಯ ಶಾಲೆಗಳು ಲೋಕದಲ್ಲಿ 1,000ಕ್ಕೂ ಮಿಕ್ಕಿ ಇವೆ. ನಮ್ಮ ಬೆಂಗಳೂರಿನಲ್ಲಿಯೂ ಕೆಲವು ಉಂಟು.

ಅಲ್ಲಿಯ ಬೋಧನಾಕ್ರಮವು ನಮ್ಮದಕ್ಕಿಂತ ಭಿನ್ನವಾದುದು. ಕೆಳಗಿನ ತರಗತಿಗಳಲ್ಲಿ ಒಬ್ಬ ಉಪಾಧ್ಯಾಯರೇ ಅನೇಕ ವರ್ಷಗಳ ಕಾಲ ಅದೇ ಮಕ್ಕಳೊಡನೆ ಮೇಲಿನ ತರಗತಿಗಳಿಗೆ ಸಾಗುವರು. ಬೆಳಗಿನ ಮುಖ್ಯ ಪಾಠದಲ್ಲಿ ಒಂದೇ ವಿಷಯವನ್ನು ಮೂರು ನಾಲ್ಕು ವಾರಗಳವರೆಗೆ ಎಡೆಬಿಡದೆ ಕಲಿಸುವರು. ಹುಡುಗಿಯರಂತೆಯೇ ಹುಡುಗರೂ ಹೆಣಿಗೆಯನ್ನು ಕಲಿಯುವರು. ಹುಡುಗರಂತೆಯೇ ಹುಡುಗಿಯರೂ ಮರಗೆಲಸಕ್ಕೆ ಕೈಹಚ್ಚುವರು. ಚಿಕ್ಕ ಮಕ್ಕಳಿಗೆ ಅಂಕಗಳನ್ನು ಕೊಡುವುದಕ್ಕೆ ಬದಲಾಗಿ ಅವರ ನಡೆ, ಶ್ರಮ, ಬೆಳವಣಿಗೆಗಳನ್ನು ವಾಕ್ಯಗಳಲ್ಲಿ ಬರೆದು ಪಾಲಕರಿಗೆ ತಿಳಿಸುವರು.

ಹಾಗಾದರೆ ಕಡೆಯ ವರ್ಷದಲ್ಲಿಯೇ ಪ್ರಯಾಣವೇಕೆ? ಜರ್ಮನಿಯಲ್ಲಿ ಈ ಶಾಲೆಗಳ ಪಾಠಕ್ರಮವು ಹನ್ನೆರಡು ವರ್ಷಗಳಲ್ಲಿ ಮುಗಿಯುವುದು. ವಿಶ್ವವಿದ್ಯಾಲಯಕ್ಕೆ ಹೋಗಲು ಬೇಕಾದ ಪರೀಕ್ಷೆಗೆ ಹೆಚ್ಚಿನ ಶಾಲೆಗಳು ಹದಿಮೂರನೆಯ ವರ್ಷವನ್ನು ಮೀಸಲಿಡುತ್ತವೆ. ಆದುದರಿಂದ ಹನ್ನೆರಡನೆಯ ವರ್ಷವು ಪರೀಕ್ಷೆಯ ವರ್ಷವಲ್ಲ. ಕಲಿತುದನ್ನೆಲ್ಲ ಒಟ್ಟುಗೂಡಿಸಿ ನೋಡುವ ವರ್ಷ. ಆಗ ವಿದ್ಯಾರ್ಥಿಯು ತಾನೇ ಆರಿಸಿಕೊಂಡ ಒಂದು ವಿಷಯದಲ್ಲಿ ಅನೇಕ ತಿಂಗಳು ದುಡಿದು, ಅದರ ಫಲವನ್ನು ಶಿಕ್ಷಕರ ಮತ್ತು ಪಾಲಕರ ಮುಂದೆ ನಿಂತು ವಿವರಿಸಬೇಕು. ಒಬ್ಬಳು ದೋಣಿಯನ್ನು ಕಟ್ಟಬಹುದು, ಮತ್ತೊಬ್ಬನು ತನ್ನೂರಿನ ಹೊಳೆಯ ನೀರನ್ನು ಪರೀಕ್ಷಿಸಬಹುದು. ತರಗತಿಯವರೆಲ್ಲರೂ ಕೂಡಿ ಒಂದು ನಾಟಕವನ್ನೂ ಆಡುವರು. ಇಷ್ಟು ಸಿದ್ಧತೆಯಾದವರು ಪರದೇಶಕ್ಕೆ ಬರಿಗೈಯಲ್ಲಿ ಹೋಗುವುದಿಲ್ಲ. ಹೇಳತಕ್ಕ ಮಾತೊಂದು ಅವರ ಬಳಿ ಇರುವುದು. ನಮ್ಮ ದೇಶದ ಕ್ರಮ ಬೇರೆ. ಇಲ್ಲಿ ಶಾಲೆಯ ಕಡೆಯ ವರ್ಷಕ್ಕೂ ಸಾರ್ವಜನಿಕ ಪರೀಕ್ಷೆಗೂ ಗಂಟುಬಿದ್ದಿರುವುದರಿಂದ, ಅವರು ಮಾಡುವುದನ್ನು ನಾವು ಇದ್ದಂತೆಯೇ ಮಾಡಲಾಗುವುದಿಲ್ಲ.

ಇವರು ಕೂಡುವ ಸ್ಥಳಗಳಲ್ಲಿ ಮುಖ್ಯವಾದುದು ಸ್ವಿಟ್ಜರ್‌ಲೆಂಡಿನ ಡೋರ್ನಾಖ್ ಎಂಬ ಊರು. ಅಲ್ಲಿಯ ಗುಡ್ಡದ ಮೇಲೆ ಗೋಥೆ ಕವಿಯ ಹೆಸರನ್ನು ಹೊತ್ತ ಗೋಥೆಯಾನಮ್ ಎಂಬ ದೊಡ್ಡ ಭವನವಿದೆ. ಸ್ಟೈನರರು ಮೊದಲು ಕಟ್ಟಿಸಿದ ಮರದ ಭವನವು 1922ರ ಕಡೆಯ ರಾತ್ರಿ ಬೆಂಕಿಗೆ ಆಹುತಿಯಾಯಿತು. ಅವರೇ ಹೊಸದೊಂದರ ಮಾದರಿಯನ್ನು ತಯಾರಿಸಿದರು. ಆದರೆ 1925ರಲ್ಲಿ ತೀರಿಕೊಂಡುದರಿಂದ, 1928ರಲ್ಲಿ ತೆರೆದ ಆ ಕಾಂಕ್ರೀಟಿನ ಭವನವನ್ನು ಕಾಣಲಿಲ್ಲ. ಈ ಊರು ಬಾಸೆಲ್ ಪಟ್ಟಣದಿಂದ ಸುಮಾರು 10 ಕಿಲೋಮೀಟರು ದೂರದಲ್ಲಿದ್ದು, ಅಲ್ಲಿಂದ ಟ್ರಾಮ್ ಗಾಡಿಯಲ್ಲಿಯೇ ಹೋಗಬಹುದು. ಬಾಸೆಲ್ ಎಂದೊಡನೆ ನಮ್ಮವರ ಕಿವಿ ನಿಮಿರುವುದು ಸಹಜ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಮೂವರು ಆ ಪಟ್ಟಣದ ಮಿಶನ್ನಿನಿಂದ ಹೊರಟವರು. ಕನ್ನಡ ನಿಘಂಟಿನ ಕಿಟೆಲರು ತರಬೇತು ಹೊಂದಿದ್ದೂ ಅಲ್ಲಿಯೇ. ಬಂದವರು ಮೊದಲು ನಮ್ಮ ಮಾತನ್ನು ಕಲಿಯಲು ಕುಳಿತರೆಂಬುದನ್ನು ನಾವು ಮರೆಯಲಾಗದು. ಪರದೇಶಕ್ಕೆ ಹೋಗುವವರು ಮಾಡತಕ್ಕ ಮೊದಲ ಕೆಲಸವೂ ಅದೇ ಅಲ್ಲವೇ?

ಡೋರ್ನಾಖಿನ ಸಮ್ಮೇಲನಗಳಿಗೆ ಅನೇಕ ದೇಶಗಳಿಂದ ಮೇಲಿನ ತರಗತಿಗಳ ವಿದ್ಯಾರ್ಥಿಗಳು ಬಂದು ಕೆಲವು ದಿನಗಳ ಕಾಲ ಒಟ್ಟಿಗೆ ಉಳಿದುಕೊಳ್ಳುವರು. ಉಪನ್ಯಾಸವಾದ ಮೇಲೆ ಚಿಕ್ಕ ಚಿಕ್ಕ ಗುಂಪುಗಳಲ್ಲಿ ಕುಳಿತು ಮಾತಾಡುವುದು, ಚಿತ್ರ, ಹಾಡು, ಮತ್ತು ಯೂರಿದ್ಮಿ ಎಂಬ, ಮಾತನ್ನೂ ಸ್ವರವನ್ನೂ ಅಂಗಚಲನೆಯಿಂದ ತೋರಿಸುವ ಕಲೆ, ಇವು ಅಲ್ಲಿಯ ಕೆಲಸಗಳು. ಒಂದೇ ಪ್ರಶ್ನೆಗೆ ಬೇರೆ ಬೇರೆ ದೇಶದವರು ಬೇರೆ ಬೇರೆ ಉತ್ತರವನ್ನು ಕೊಡುವಾಗ, ತನ್ನ ಮನೆಯಲ್ಲಿ ಪ್ರಶ್ನೆಯೇ ಅಲ್ಲದ ಸಂಗತಿಯು ಇನ್ನೊಬ್ಬರಿಗೆ ಕಷ್ಟವೆಂಬುದು ಹದಿನೆಂಟರ ಪ್ರಾಯದವರಿಗೆ ತಿಳಿಯುವುದು. ಇದು ಪುಸ್ತಕದಿಂದ ಬರತಕ್ಕ ವಿದ್ಯೆಯಲ್ಲ.

ಆ ಪದ್ಧತಿಯಲ್ಲಿರುವುದೆಲ್ಲವೂ ನಿರ್ದೋಷವೆಂದು ನಾವು ಹೇಳುವುದಿಲ್ಲ. ಮಾನವ ಜನಾಂಗಗಳ ವಿಷಯವಾಗಿ ಸ್ಟೈನರರು ಆಡಿದ ಕೆಲವು ಮಾತುಗಳು ಒಪ್ಪತಕ್ಕವಲ್ಲ. 2007ರಲ್ಲಿ ಜರ್ಮನಿಯ ವಾಲ್ಡಾರ್ಫ್ ಶಾಲೆಗಳ ಒಕ್ಕೂಟವು ಸ್ಟುಟ್‌ಗಾರ್ಟಿನಲ್ಲಿ ಒಂದು ಘೋಷಣೆಯನ್ನು ಹೊರಡಿಸಿ, ಎಲ್ಲ ವಿಧವಾದ ಜನಾಂಗಭೇದವನ್ನೂ ತಾನು ವಿರೋಧಿಸುವುದಾಗಿ ತಿಳಿಸಿತು. ಘೋಷಣೆಯು ಒಳ್ಳೆಯದೇ, ಆದರೆ ನಾನಾ ದೇಶಗಳ ಮಕ್ಕಳು ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವುದು ಅದಕ್ಕಿಂತ ಬಲವಾದ ಉತ್ತರವೆಂದು ನಮಗೆ ತೋರುತ್ತದೆ.

ಇನ್ನು ಖರ್ಚಿನ ಮಾತು. ಪರದೇಶ ಪ್ರಯಾಣಕ್ಕೆ ಹಣವೂ ಬೇಕು, ವೀಸಾ ಪತ್ರವೂ ಬೇಕು. ದೂರದ ಬಡ ದೇಶಗಳವರಿಗೆ ಎರಡೂ ಕಷ್ಟವೇ. ಕಾರ್ಮಿಕರ ಮಕ್ಕಳಿಗಾಗಿ ಹುಟ್ಟಿದ ಪದ್ಧತಿಯ ಸಮ್ಮೇಲನಕ್ಕೆ ಉಳ್ಳವರು ಮಾತ್ರ ಹೋಗುವಂತಾದರೆ ಅದು ಅರ್ಧ ಸಮ್ಮೇಲನವೇ ಸರಿ. ಈ ಕಾರಣದಿಂದ ಅನೇಕ ತರಗತಿಗಳವರು ತಿಂಡಿಗಳನ್ನು ಮಾಡಿ ಮಾರಿ, ನಾಟಕಗಳನ್ನು ಆಡಿ, ಎಲ್ಲರ ಖರ್ಚಿಗೂ ಎಲ್ಲರೂ ಸೇರಿ ಗಳಿಸುವರು. ಇದನ್ನು ಬರೆಯುವಾಗ ನಮ್ಮ ತಪ್ಪೊಂದು ನೆನಪಿಗೆ ಬರುತ್ತದೆ. ಕೆಲವು ವರ್ಷಗಳ ಹಿಂದೆ ನಾವು ಕಡೆಯ ತರಗತಿಯವರನ್ನು ಎರಡು ದಿನದ ಪ್ರವಾಸಕ್ಕೆ ಕರೆದೊಯ್ದೆವು. ಒಬ್ಬ ಹುಡುಗಿಯು ತನಗೆ ಜ್ವರವೆಂದು ಹೇಳಿ ಉಳಿದುಕೊಂಡಳು. ಅವಳಿಗೆ ಜ್ವರವಿರಲಿಲ್ಲ, ಕೈಯಲ್ಲಿ ಹಣವಿರಲಿಲ್ಲವೆಂಬುದು ಹಿಂತಿರುಗಿದ ಮೇಲೆ ತಿಳಿಯಿತು. ನಾವು ವಿಚಾರಿಸಿರಲಿಲ್ಲ. ಉಳಿದವರು ತಾವು ಕಂಡುದನ್ನು ವರ್ಣಿಸುತ್ತಿದ್ದಾಗ ಅವಳು ತಲೆ ತಗ್ಗಿಸಿ ಕೇಳುತ್ತಿದ್ದುದನ್ನು ನಾವು ಮರೆತಿಲ್ಲ. ಅಂದಿನಿಂದ ನಮ್ಮ ಹುಡುಗಿಯರು ಕಸೂತಿಯ ಕರವಸ್ತ್ರಗಳನ್ನೂ ಉಪ್ಪಿನಕಾಯಿಯನ್ನೂ ಮಾರಿ ಪ್ರವಾಸದ ನಿಧಿಯನ್ನು ಕೂಡಿಸುತ್ತಾರೆ. ಎಲ್ಲರೂ ಹೋಗುವಂತಾದ ಮೇಲೆಯೇ ದಿನವನ್ನು ಗೊತ್ತುಮಾಡುತ್ತೇವೆ.

ಪ್ರಿಯ ಪಾಲಕರೇ, ನಿಮ್ಮ ಮಗಳನ್ನು ಸಮುದ್ರದಾಚೆಗೆ ಕಳುಹಿಸಿರೆಂದು ನಾವು ಹೇಳುತ್ತಿಲ್ಲ. ಅವಳು ಎಲ್ಲಿಗೆ ಹೋದರೂ ತಾನೇ ದುಡಿದು ತಿಳಿದ ಒಂದು ವಿಷಯವನ್ನು ಕೊಂಡೊಯ್ಯಲಿ; ಎದುರಿಗಿರುವವರ ಮಾತನ್ನು ಮೊದಲು ಕೇಳಲಿ; ಜೊತೆಯವಳೊಬ್ಬಳು ಹಿಂದುಳಿದಿದ್ದರೆ ಅದೇಕೆಂದು ವಿಚಾರಿಸಲಿ. ಇಷ್ಟನ್ನು ಕಲಿಸುವುದಕ್ಕೆ ಪರೀಕ್ಷೆಯ ವರ್ಷವೂ ಅಡ್ಡಿಯಲ್ಲ. ಹಳೆಯ ವಿದ್ಯಾರ್ಥಿನಿಯರೇ, ನಿಮ್ಮ ಮನೆಗಳ ಬಾಗಿಲಿಗೆ ನಮ್ಮ ಹುಡುಗಿಯರು ಕರವಸ್ತ್ರಗಳ ಬುಟ್ಟಿಯನ್ನು ಹೊತ್ತು ಬಂದಾಗ ಅವರನ್ನು ಒಳಗೆ ಕರೆದು ಕುಳ್ಳಿರಿಸಿ, ನೀವು ಕಂಡ ಊರುಗಳ ಸುದ್ದಿಯನ್ನೂ ಅವರಿಗೆ ಹೇಳಬೇಕೆಂದು ಬೇಡುತ್ತೇವೆ.