ಜೀವಕೋಶಕ್ಕೆ ಭಾನುವಾರವಿಲ್ಲ

ನವಿ ಮುಂಬೈನ ವಾಶಿಯಲ್ಲಿ ಭಾರತೀಯ ಮಹಿಳಾ ವಿಜ್ಞಾನಿಗಳ ಸಂಘವಿದೆ. ವಿಜ್ಞಾನಿಗಳ ಸಂಘ ಎಂದ ಕೂಡಲೇ ಸಭಾಂಗಣ, ಭಾಷಣ, ಹಾರ-ಶಾಲುಗಳು ನೆನಪಿಗೆ ಬರುತ್ತವೆ. ಈ ಸಂಘ ಮಾತ್ರ ಹಗಲು ಹೊತ್ತು ಮಕ್ಕಳನ್ನು ನೋಡಿಕೊಳ್ಳುವ ಶಿಶುಪಾಲನಾ ಕೇಂದ್ರವನ್ನೂ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳಿಗೆ ಹಾಸ್ಟೆಲನ್ನೂ ನಡೆಸಿಕೊಂಡು ಬಂದಿದೆ. 1973ರಲ್ಲಿ ಇದನ್ನು ಕಟ್ಟಿದವರು ಡಾ. ಕಮಲ್ ರಣದಿವೆ ಮತ್ತು ಅವರ ಜೊತೆಗಾರ್ತಿಯರು. ರಣದಿವೆ ಕ್ಯಾನ್ಸರ್ ಸಂಶೋಧಕಿ. ಆ ಕೆಲಸದ ಒಳಹೊರಗನ್ನು ಬಲ್ಲವರಿಗೆ ಮಾತ್ರ ಇಂಥ ಸಂಘಕ್ಕೆ ಏನೇನು ಬೇಕು ಎನ್ನುವುದು ಹೊಳೆಯುತ್ತದೆ.

ಅವರು ಹುಟ್ಟಿದ್ದು ಪುಣೆಯಲ್ಲಿ, 1917ರ ನವೆಂಬರ್ 8ರಂದು. ತಂದೆ ದಿನಕರ ಸಮರ್ಥ ಫರ್ಗ್ಯುಸನ್ ಕಾಲೇಜಿನಲ್ಲಿ ಜೀವಶಾಸ್ತ್ರದ ಮೇಷ್ಟ್ರು. ಹೆಣ್ಣಾಗಲಿ ಗಂಡಾಗಲಿ ತಮ್ಮ ಮಕ್ಕಳೆಲ್ಲ ಓದಲೇಬೇಕೆಂದು ಪಟ್ಟು ಹಿಡಿದವರು. ಮಗಳು ಡಾಕ್ಟರಾಗಲಿ ಎಂಬ ಆಸೆ ಅವರಿಗಿತ್ತು, ಮಗಳು ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರಗಳ ಹಾದಿ ಹಿಡಿದರು. 1939ರಲ್ಲಿ ಮದುವೆಯಾಯಿತು. ಓದು ನಿಲ್ಲಲಿಲ್ಲ. ಸೀತಾಫಲದ ಕುಟುಂಬಕ್ಕೆ ಸೇರಿದ ಗಿಡಗಳ ವರ್ಣತಂತುಗಳ ಮೇಲೆ ಎಂ.ಎಸ್ಸಿ. ಮುಗಿಸಿ ಬೊಂಬಾಯಿಗೆ ಬಂದು, ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿದ್ದ ವಿ.ಆರ್. ಖಾನೋಲ್ಕರ್ ಅವರ ಕೈಕೆಳಗೆ 1949ರಲ್ಲಿ ಪಿಎಚ್‌.ಡಿ. ಪಡೆದರು. ಆಮೇಲೆ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಗೈ ಅವರ ಪ್ರಯೋಗಾಲಯ ಸೇರಿ, ಜೀವಕೋಶಗಳನ್ನು ಮೈಯ ಹೊರಗೆ ಗಾಜಿನ ಪಾತ್ರೆಯಲ್ಲಿ ಬೆಳೆಸುವ ವಿದ್ಯೆ ಕಲಿತರು. ಹೆನ್ರಿಯೆಟಾ ಲ್ಯಾಕ್ಸ್ ಎಂಬ ಕಪ್ಪು ಮಹಿಳೆಯ ಗೆಡ್ಡೆಯಿಂದ, ಆಕೆಯನ್ನು ಒಂದು ಮಾತೂ ಕೇಳದೆ ತೆಗೆದ ಕೋಶಗಳು 1951ರಲ್ಲಿ ಬೆಳೆಯತೊಡಗಿದ್ದು ಇದೇ ಗೈ ಅವರ ಪ್ರಯೋಗಾಲಯದಲ್ಲಿ. ಅವು ಇಂದಿಗೂ ಜಗತ್ತಿನ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಲೇ ಇವೆ.

ರಣದಿವೆ ಅಲ್ಲೇ ಉಳಿಯಲಿಲ್ಲ. ಊರಿಗೆ ಮರಳಿ, ಬೊಂಬಾಯಿಯ ಭಾರತೀಯ ಕ್ಯಾನ್ಸರ್ ಸಂಶೋಧನಾ ಕೇಂದ್ರದಲ್ಲಿ ದೇಶದ ಮೊದಲ ಅಂಗಾಂಶ ಕೃಷಿ ಪ್ರಯೋಗಾಲಯವನ್ನು ಹುಟ್ಟುಹಾಕಿದರು. ಸ್ತನದ ಕ್ಯಾನ್ಸರಿಗೂ ಅನುವಂಶೀಯತೆಗೂ ಇರುವ ನಂಟನ್ನು ಆರಂಭದಲ್ಲೇ ಗುರುತಿಸಿದವರಲ್ಲಿ ಅವರೂ ಒಬ್ಬರು.

ಕೃಷಿ ಎಂಬ ಮಾತು ಇಲ್ಲಿ ಬರೀ ಹೆಸರಲ್ಲ. ಕೋಶಗಳನ್ನು ಮೈಯ ಬಿಸಿಯಲ್ಲೇ, ಅಂದರೆ 37 ಡಿಗ್ರಿಯಲ್ಲಿ, ಇಡಬೇಕು. ಎರಡು ಮೂರು ದಿನಕ್ಕೊಮ್ಮೆ ಹಳೆಯ ಪೋಷಕ ದ್ರವ ತೆಗೆದು ಹೊಸದು ಹಾಕಬೇಕು. ಪಾತ್ರೆ ತುಂಬಿದರೆ ಅಗೆಯಿಂದ ಸಸಿ ಕಿತ್ತು ನಾಟಿ ಮಾಡುವಂತೆ ಬೇರೆ ಪಾತ್ರೆಗೆ ಹಂಚಬೇಕು. ಒಂದು ಬೂಷ್ಟಿನ ಕಣ ಬಿದ್ದರೂ ತಿಂಗಳುಗಳ ದುಡಿಮೆ ಮಣ್ಣುಪಾಲು. ಕೋಶಗಳಿಗೆ ಭಾನುವಾರವಿಲ್ಲ, ಯುಗಾದಿಯೂ ಇಲ್ಲ. ಮಗುವಿಗೆ ಜ್ವರ ಬಂದ ರಾತ್ರಿಯೂ ಪ್ರಯೋಗ ಕಾಯುವುದಿಲ್ಲ. ಕೈಕೂಸನ್ನು ಯಾರ ಮಡಿಲಿಗೆ ಹಾಕಿ ಹೋಗುವುದು, ತಡರಾತ್ರಿ ಮರಳಿ ಎಲ್ಲಿ ತಂಗುವುದು? ಸಂಶೋಧನೆಯಲ್ಲಿ ಹೆಣ್ಣುಮಕ್ಕಳು ಯಾಕೆ ಕಡಿಮೆ ಎಂದು ಕೇಳುವವರು ಮೊದಲು ಈ ಎರಡು ಪ್ರಶ್ನೆಗೆ ಉತ್ತರ ಹೇಳಬೇಕು. ವಾಶಿಯ ಸಂಘ ಹಾಸ್ಟೆಲ್ ಮತ್ತು ತೊಟ್ಟಿಲಿನ ಮೂಲಕ ಉತ್ತರ ಹೇಳಿತು. ಪ್ರೋತ್ಸಾಹ ಎಂದರೆ ಇದೇ ಎಂಬುದು ನನ್ನ ದೃಢವಾದ ನಂಬಿಕೆ.

ಬೇರೆ ಬೇರೆ ಮನೆಗಳಿಂದ ಮಕ್ಕಳು ಈ ಕ್ಷೇತ್ರಕ್ಕೆ ಬರಬೇಕು ಎನ್ನುವುದು ಅವರಿಗೆ ನ್ಯಾಯ ಸಿಗಲಿ ಎಂಬ ಕಾರಣಕ್ಕಷ್ಟೇ ಅಲ್ಲ, ರೋಗವನ್ನು ಅರಿಯುವುದಕ್ಕೂ ಅದು ಬೇಕು. 1945ರಲ್ಲಿ ಖಾನೋಲ್ಕರ್ ಮತ್ತು ಸೂರ್ಯಬಾಯಿ ಎಂಬ ಸಂಶೋಧಕಿ ಸೇರಿ ಒಂದು ಪ್ರಬಂಧ ಪ್ರಕಟಿಸಿದರು. ಭಾರತದ ಜನರ ರೂಢಿಗಳಿಗೂ ಕೆಲವು ಬಗೆಯ ಕ್ಯಾನ್ಸರಿಗೂ ಇರುವ ಸಂಬಂಧ ಅದರ ವಿಷಯ. ವರ್ಷಾನುಗಟ್ಟಲೆ ಸೊಂಟಕ್ಕೆ ಬಿಗಿದ ಧೋತರದ ಕಟ್ಟು ಉಜ್ಜಿದ ಜಾಗದಲ್ಲಿ ಏಳುವ ಚರ್ಮದ ಕ್ಯಾನ್ಸರ್, ಸುಣ್ಣ ಬೆರೆಸಿದ ಹೊಗೆಸೊಪ್ಪನ್ನು ಒತ್ತಿಟ್ಟುಕೊಂಡ ಬಾಯಲ್ಲಿ ಹುಟ್ಟುವ ಕ್ಯಾನ್ಸರ್: ಇವು ಪರದೇಶದ ಪಠ್ಯಪುಸ್ತಕ ನೋಡಿ ಹೊಳೆಯುವ ಸಂಗತಿಗಳಲ್ಲ. ಅಜ್ಜಿ ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಹಾಕಿಕೊಳ್ಳುವುದನ್ನು ನೋಡುತ್ತಾ ಬೆಳೆದ ಹುಡುಗಿಗೆ ಕೇಳಬೇಕಾದ ಪ್ರಶ್ನೆ ಗೊತ್ತಿರುತ್ತದೆ. ನೋವಿಲ್ಲ ಎಂದು ಗಂಟನ್ನು ಮುಚ್ಚಿಟ್ಟುಕೊಂಡ ಚಿಕ್ಕಮ್ಮ ಕಡೆಗೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಸಾಲಿನಲ್ಲಿ ನಿಂತದ್ದನ್ನು ಕಂಡವಳಿಗೆ, ಹೆಂಗಸರು ತಡವಾಗಿ ಯಾಕೆ ಬರುತ್ತಾರೆ ಎಂಬುದನ್ನು ಯಾರೂ ವಿವರಿಸಬೇಕಿಲ್ಲ.

ಆದರೆ ಆ ಹುಡುಗಿಗೆ ಪ್ರಯೋಗಾಲಯದ ಬಾಗಿಲು ಎಲ್ಲಿದೆ ಎಂದು ತೋರಿಸುವವರು ಬೇಕು. ನಮ್ಮ ಊರುಗಳಲ್ಲಿ ಜೀವಶಾಸ್ತ್ರ ಓದಿದವರಿಗೆ ಡಾಕ್ಟರ್ ಕೆಲಸ ಬಿಟ್ಟರೆ ನರ್ಸಿಂಗ್, ಅದೂ ಬಿಟ್ಟರೆ ಬಿ.ಇಡಿ. ಎಂಬ ಎಣಿಕೆಯೇ ಇನ್ನೂ ಗಟ್ಟಿಯಾಗಿದೆ. ನೀಟ್‌ನಲ್ಲಿ ಸೀಟು ತಪ್ಪಿದರೆ ವಿಜ್ಞಾನವೇ ತಪ್ಪಿಹೋಯಿತು ಎಂದು ಮನೆಮಂದಿ ಕೈಚೆಲ್ಲುತ್ತಾರೆ. ಕ್ಯಾನ್ಸರ್ ಸಂಶೋಧನೆಗೆ ಎಂಬಿಬಿಎಸ್ ಆಗಿರಲೇಬೇಕಿಲ್ಲ, ರಣದಿವೆ ಶುರು ಮಾಡಿದ್ದು ಸೀತಾಫಲದಿಂದ. ಬಿ.ಎಸ್ಸಿ., ಎಂ.ಎಸ್ಸಿ. ಮುಗಿಸಿ ನೆಟ್‌ನಂಥ ಪರೀಕ್ಷೆಯಲ್ಲಿ ಫೆಲೋಶಿಪ್‌ಗೆ ಆಯ್ಕೆಯಾದರೆ ಪಿಎಚ್‌.ಡಿ. ಮಾಡುವಾಗ ತಿಂಗಳು ತಿಂಗಳು ಹಣ ಕೈಗೆ ಬರುತ್ತದೆ. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ಪ್ರತ್ಯೇಕ ರಾಷ್ಟ್ರೀಯ ಫೆಲೋಶಿಪ್‌ಗಳಿವೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಮತ್ತು ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಕಾಲೇಜು ವಿದ್ಯಾರ್ಥಿಗಳಿಗೆ ಬೇಸಿಗೆಯ ಸಂಶೋಧನಾ ಫೆಲೋಶಿಪ್ ಕೊಡುತ್ತಾ ಬಂದಿವೆ. ಒಂಬತ್ತರಿಂದ ಹನ್ನೆರಡನೆಯ ತರಗತಿಯ ಹುಡುಗಿಯರಿಗಾಗಿ ಕೇಂದ್ರ ಸರ್ಕಾರ 2019ರಲ್ಲಿ ಆರಂಭಿಸಿದ ವಿಜ್ಞಾನ ಜ್ಯೋತಿ ಯೋಜನೆಗೆ ಜಿಲ್ಲೆಗಳ ನವೋದಯ ವಿದ್ಯಾಲಯಗಳೇ ನೆಲೆ.

ಈ ಪುರವಣಿ ಓದುತ್ತಿರುವ ಮೇಷ್ಟ್ರುಗಳಲ್ಲಿ, ಟೀಚರಮ್ಮಂದಿರಲ್ಲಿ ನನ್ನದೊಂದು ವಿನಂತಿ. ನಾಳೆ ಸೋಮವಾರ. ಜೀವಕೋಶದ ಪಾಠ ಮಾಡುವಾಗ ಕೊನೆಯ ಬೆಂಚಿನಲ್ಲಿ ಸುಮ್ಮನೆ ಕೂತು ಚಿತ್ರವನ್ನು ಅಚ್ಚುಕಟ್ಟಾಗಿ ಬಿಡಿಸುವ ಹುಡುಗಿಯೊಬ್ಬಳು ಇರುತ್ತಾಳೆ. ಅವಳಿಗೆ ಕಮಲ್ ರಣದಿವೆಯವರ ಹೆಸರು ಹೇಳಿ. ಅರ್ಜಿ ತುಂಬುವ ದಿನ ಬಂದಾಗ ಅವಳ ಪಕ್ಕದಲ್ಲಿ ಕೂತುಕೊಳ್ಳಿ.