ಕೊಡದಿಂದ ನೀರಿಗೆ ಇಳಿಯುವುದೇನು?

ಸವದತ್ತಿ ತಾಲೂಕಿನ ಹೂಲಿಯಂಥ ಊರುಗಳಲ್ಲಿ ನಲ್ಲಿ ನೀರು ಬಂದಾಗ ಮನೆಯ ಕೊಡ, ಹಂಡೆ, ಡ್ರಮ್ಮು, ಬಾಟಲಿಗಳೆಲ್ಲ ತುಂಬುತ್ತವೆ. ನೀರು ಶುದ್ಧವೇ ಎಂದು ಎಲ್ಲರೂ ಕೇಳುತ್ತೇವೆ. ರಾತ್ರಿಯಿಡೀ ಆ ನೀರು ನಿಂತ ಪಾತ್ರೆ ಎಂಥದ್ದು ಎಂದು ಕೇಳುವವರು ಕಡಿಮೆ. ಲೋಹವಿರಲಿ, ಪ್ಲಾಸ್ಟಿಕ್ ಇರಲಿ, ನಿಂತ ನೀರಿಗೆ ತನ್ನ ಅಂಶವನ್ನು ಸ್ವಲ್ಪವಾದರೂ ಬಿಡುತ್ತದೆ. ಕಣ್ಣಿಗೂ ನಾಲಿಗೆಗೂ ಸಿಗದ ಆ ಪ್ರಮಾಣ ಪ್ರಯೋಗಾಲಯದಲ್ಲಿ ಮಾತ್ರ ಗೊತ್ತಾಗುತ್ತದೆ.

ಅಳೆಯುವುದು ಹೇಗೆ?

ಗುಣ ಮೊದಲೇ ಗೊತ್ತಿರುವ ನೀರನ್ನು ಪಾತ್ರೆಗೆ ತುಂಬಿ, ಮುಚ್ಚಿ, ನಿಗದಿತ ಉಷ್ಣತೆಯಲ್ಲಿ ನಿಗದಿತ ಗಂಟೆ ಇಡುತ್ತಾರೆ. ಅದೇ ನೀರನ್ನು ಲೋಹದ ಅಂಶ ಬಿಡದ ಇನ್ನೊಂದು ಪಾತ್ರೆಯಲ್ಲೂ ಇಡುತ್ತಾರೆ. ಎರಡರ ನಡುವಿನ ವ್ಯತ್ಯಾಸವೇ ಪಾತ್ರೆಯಿಂದ ಇಳಿದದ್ದು. ಪ್ರತಿ ಲೋಹವೂ ತನ್ನದೇ ಆದ ತರಂಗಾಂತರದ ಬೆಳಕನ್ನು ಹೀರುತ್ತದೆ. ಎಷ್ಟು ಬೆಳಕು ಕಡಿಮೆಯಾಯಿತು ಎಂಬುದರಿಂದ ಲೋಹದ ಪ್ರಮಾಣ ತಿಳಿಯುತ್ತದೆ. ಆಹಾರದ ಪ್ಲಾಸ್ಟಿಕ್ಕಿಗೆ ಐಎಸ್ 9845 ಎಂಬ ಭಾರತೀಯ ಮಾನಕವಿದೆ. ಹುಳಿ ಪದಾರ್ಥದ ಬದಲು ಶೇ. 3ರ ಅಸಿಟಿಕ್ ಆಮ್ಲ ತುಂಬಿ ಪರೀಕ್ಷಿಸುತ್ತಾರೆ.

ತಾಮ್ರದ ಕೊಡ

ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಆಯುರ್ವೇದ ಅಂಡ್ ಇಂಟಿಗ್ರೇಟಿವ್ ಮೆಡಿಸಿನ್‌ನ ಸಂಶೋಧಕರು ಇದನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದರು. ಕಾಲರಾ, ಟೈಫಾಯ್ಡ್, ಆಮಶಂಕೆಯ ರೋಗಾಣು ಸೇರಿಸಿದ ನೀರನ್ನು ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟರು. ಆಮೇಲೆ ನೋಡಿದರೆ ಜೀವಂತ ರೋಗಾಣು ಸಿಗಲಿಲ್ಲ. ನೀರಿಗಿಳಿದ ತಾಮ್ರ ಲೀಟರಿಗೆ ಸುಮಾರು 177 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ 2000. ನಮ್ಮ ಐಎಸ್ 10500 ಮಾನಕ ಹೆಚ್ಚು ಬಿಗಿ: 50 ಇದ್ದರೆ ಉತ್ತಮ, ಬೇರೆ ನೀರಿಲ್ಲದಿದ್ದರೆ 1500ರವರೆಗೆ ಸರಿ.

ಆದರೆ ಇದು ಬರಿ ನೀರಿನ ಲೆಕ್ಕ. ಹುಳಿ ತಾಗಿದರೆ ತಾಮ್ರ ಬಹಳ ಬೇಗ ಕರಗುತ್ತದೆ. ಇಫ್ತಾರಿನ ನಿಂಬೆ ಶರಬತ್ತು, ಮಜ್ಜಿಗೆ, ಹುಣಸೆ ಸಾರನ್ನು ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆಯಲ್ಲಿ ಇಡಬಾರದು. ತಾಮ್ರ ಹೆಚ್ಚಾದರೆ ವಾಂತಿ, ಹೊಟ್ಟೆನೋವು, ಭೇದಿ ಬರುತ್ತದೆ.

ಕಲಾಯಿಯ ಒಳಗೇನು?

ಮದುವೆಯ ಬಿರಿಯಾನಿ ದೇಗಿಗೆ ಕಲಾಯಿ ಹಾಕಿಸುವುದು ಇದೇ ಕಾರಣಕ್ಕೆ. ಶುದ್ಧ ತವರವಾದರೆ ಚಿಂತೆಯಿಲ್ಲ. ತವರಕ್ಕೆ ಸೀಸ ಬೆರೆತಿದ್ದರೆ ಅಡುಗೆಗೆ ಇಳಿಯುವುದು ಸೀಸ. ಕುಡಿಯುವ ನೀರಿನಲ್ಲಿ ಅದರ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ ಮಾತ್ರ, ಅದರಲ್ಲಿ ಯಾವ ಸಡಿಲಿಕೆಯೂ ಇಲ್ಲ. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಪೆಟ್ಟು ಕೊಡುತ್ತದೆ. ಆ ನಷ್ಟವನ್ನು ಔಷಧಿಯಿಂದ ತುಂಬಲಾಗದು.

ಬಾಟಲಿ ಮತ್ತು ಬಿಸಿಲು

ನೀರಿನ ಪೆಟ್ ಬಾಟಲಿ ತಯಾರಿಸುವಾಗ ಆಂಟಿಮನಿ ಎಂಬ ಅರೆಲೋಹದ ಸಂಯುಕ್ತ ಬಳಸುತ್ತಾರೆ. ಅಮೆರಿಕದ ಅರಿಜೋನಾದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಅದು ನೀರಿನಲ್ಲಿ ಅಲ್ಲಿನ ಮಿತಿ ದಾಟಲು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ 176 ದಿನ ಬೇಕು, 80 ಡಿಗ್ರಿಯಲ್ಲಿ ಎರಡೂಕಾಲು ದಿನ ಸಾಕು. ಕಾಲ ಮತ್ತು ಶಾಖ ಸೇರಿ ಮಾಡುವ ಕೆಲಸವಿದು.

ಮನೆಯಲ್ಲಿ ಪಾಲಿಸಬೇಕಾದದ್ದು

● ತಾಮ್ರದ ಕೊಡದಲ್ಲಿ ಬರಿ ನೀರನ್ನಷ್ಟೇ ಇಡಿ, ದಿನವೂ ಬದಲಿಸಿ. ಹಸಿರು ಕಿಲುಬನ್ನು ಉಜ್ಜಿ ತೆಗೆಯಿರಿ.
● ಕಲಾಯಿ ಸವೆದು ಕೆಂಪು ಕಂಡರೆ ಮತ್ತೆ ಹಾಕಿಸಿ. ಸೀಸವಿಲ್ಲದ ತವರವೇ ಬೇಕೆಂದು ಕೇಳಿ.
● ರಾತ್ರಿ ನಿಂತ ಹಿತ್ತಾಳೆ ನಲ್ಲಿಯ ಮೊದಲ ನೀರನ್ನು ಕುಡಿಯಲು ಹಿಡಿಯಬೇಡಿ, ಪಾತ್ರೆ ತೊಳೆಯಲು ಬಳಸಿ.
● ನೀರಿನ ಬಾಟಲಿಯನ್ನು ಬಿಸಿಲಿನಲ್ಲಿ ಬಿಡಬೇಡಿ, ಅದಕ್ಕೆ ಬಿಸಿ ನೀರು ತುಂಬಬೇಡಿ.